ಮಂಗಳೂರಿನ ಹೆಂಚೂ ಜಾರ್ಜ್ ಪ್ಲೆಬ್ಸ್ಟರ ಚರಿತ್ರೆಯೂ

ಮೋರಟಗಿ, ಸಿಂದಗಿ, ಇಂಡಿ ಈ ಸೀಮೆಯ ನಮ್ಮ ವಾಚಕರು ತಲೆತಲಾಂತರಗಳಿಂದ ಮಣ್ಣಿನ ಮಾಳಿಗೆಯ ಕೆಳಗೆ ವಾಸಮಾಡಿದವರ ಮಕ್ಕಳು. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ದಪ್ಪವಾಗಿ ಸವುಳು ಮಣ್ಣು. ಮಳೆಗಾಲಕ್ಕೆ ಮುಂಚೆ ಒಂದು ಪದರು ಹೊಸ ಮಣ್ಣು ಹಾಕಿ ತುಳಿದರೆ ಆ ವರುಷದ ಕೆಲಸ ತೀರಿತು. ಪಾರ್ಶ್ವವಾಯು ಹಿಡಿದವನನ್ನು ಅವನ ಸ್ನೇಹಿತರು ಮಾಳಿಗೆಯನ್ನು ತೆರೆದು ಕರ್ತನ ಮುಂದೆ ಇಳಿಸಿದ ಸಂಗತಿಯನ್ನು ಓದುವಾಗ ಈ ಸೀಮೆಯವರಿಗೆ ಅರ್ಥವನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. ಅಂಥ ಮಾಳಿಗೆಯನ್ನು ಅವರು ಕಣ್ಣಾರೆ ಕಂಡವರೇ. ಆದರೆ ಶಾಲೆಯ ಮೇಲೋ, ಹಳೆಯ ಕಚೇರಿಯ ಮೇಲೋ, ದೇವಾಲಯದ ಮೇಲೋ ಇರುವ ಕೆಂಪು ಹೆಂಚಿನ ಸಂಗತಿ ಬೇರೆ. ಅದನ್ನು ಎಲ್ಲರೂ ಮಂಗಳೂರು ಹೆಂಚು ಎಂದೇ ಕರೆಯುತ್ತಾರೆ. ಮಂಗಳೂರನ್ನು ನೋಡದವರೂ ಹಾಗೆಯೇ ಕರೆಯುತ್ತಾರೆ. ಅದು ಹುಟ್ಟಿದ ಬಗೆ ಹೇಗೆ, ಸಮುದ್ರವನ್ನು ದಾಟಿ ಅನ್ಯದೇಶಗಳ ಮನೆಗಳ ಮೇಲೆ ಹೋಗಿ ಕೂತದ್ದು ಹೇಗೆ, ಅದಕ್ಕೆ ಮೊದಲು ಕೈಹಾಕಿದ ಮನುಷ್ಯನು ಯಾರು, ಇವನ್ನು ಈ ತಿಂಗಳು ನಮ್ಮ ವಾಚಕರ ಮುಂದೆ ಇಡಬೇಕೆಂದಿದ್ದೇವೆ.

ಮನೆ ಕಟ್ಟುವ ಸಾಮಾನನ್ನು ಸಮುದ್ರದ ಮೇಲೆ ಸಾಗಿಸುವದು ಹೊಸ ಸಂಗತಿಯಲ್ಲ. ಸೊಲೊಮೋನನು ದೇವಾಲಯವನ್ನು ಕಟ್ಟಿಸುವಾಗ ತೂರಿನ ಅರಸನು ಲೆಬನೋನಿನ ಮರಗಳನ್ನು ತೆಪ್ಪವಾಗಿ ಕಟ್ಟಿಸಿ ಸಮುದ್ರಮಾರ್ಗವಾಗಿ ಯೊಪ್ಪದ ವರೆಗೆ ತೇಲಿಸಿ ಕಳುಹಿಸಿದನೆಂಬದನ್ನು ಎಲ್ಲರೂ ಬಲ್ಲರು. ಯೊಪ್ಪದಿಂದ ಯೆರೂಸಲೇಮಿಗೆ ಅದನ್ನು ಹೊತ್ತು ತರುವ ಕಷ್ಟವು ಸೊಲೊಮೋನನ ಪಾಲಿಗೆ ಬಿತ್ತು. ಭಾರವಾದ ಸರಕಿನ ವಿಷಯದಲ್ಲಿ ಇಂದಿಗೂ ಹಾಗೆಯೇ ಇದೆ: ನೀರಿನ ಮೇಲೆ ನೂರು ಹರದಾರಿ ಹೋಗುವದಕ್ಕೆ ಆಗುವ ವೆಚ್ಚವು ಎಷ್ಟೋ ಸಲ ನೆಲದ ಮೇಲೆ ಹತ್ತು ಹರದಾರಿ ಹೋಗುವದಕ್ಕೆ ಆಗುವದಕ್ಕಿಂತ ಕಡಿಮೆಯಾಗಿರುತ್ತದೆ. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲಾ ಸುಲಭವಾಗಿ ತಿಳಿಯುವದು.

ಬಾಸೆಲ್ ಮಿಶನ್ನಿನ ಮೊದಲನೆಯ ಬೋಧಕರಾದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ೧೮೩೪ನೆಯ ಇಸವಿಯಲ್ಲಿ ಮಂಗಳೂರಿಗೆ ಬಂದರು. ಕೆಲವು ವರುಷಗಳೊಳಗೆ ಅವರ ಮುಂದೆ ಒಂದು ಕಷ್ಟವು ಬಂದು ನಿಂತಿತು. ಕ್ರೈಸ್ತ ಮತವನ್ನು ಅವಲಂಬಿಸಿದವನನ್ನು ಮನೆಯವರು ಹೊರಗೆ ಹಾಕುತ್ತಿದ್ದರು. ಒಡೆಯನು ಗೇಣಿಯ ಭೂಮಿಯನ್ನು ಬಿಡಿಸುತ್ತಿದ್ದನು. ಶೇಂದಿ ಇಳಿಸುವವನು ತನ್ನ ಕಸುಬನ್ನು ಬಿಡಬೇಕಾಗುತ್ತಿತ್ತು. ಹೊರಗೆ ಬಂದವನ ಕೈಯಲ್ಲಿ ಹಗ್ಗವೂ ಇಲ್ಲ, ನೇಗಿಲೂ ಇಲ್ಲ; ಹಿಂದೆ ಹೆಂಡತಿ ಮಕ್ಕಳು. ಅವರನ್ನು ಬೋಧಕರು ಅನ್ನ ಕೊಟ್ಟು ಸಾಕುತ್ತಾ ಇದ್ದರೆ, ಅನ್ನಕ್ಕಾಗಿ ಮತವನ್ನು ಬಿಟ್ಟರೆಂಬ ಅಪವಾದವು ಬರುವದು; ಸಾಕದಿದ್ದರೆ ಅವರು ಬೀದಿಪಾಲು. ಈ ಇಕ್ಕಟ್ಟನ್ನು ನಮ್ಮ ಹಳ್ಳಿಯ ಸಭೆಗಳಲ್ಲಿ ಹಿರಿಯರು ಇಂದಿಗೂ ಮರೆತಿಲ್ಲ. ಆದುದರಿಂದ ಮಿಶನ್ನಿನವರು ಬಗೆಬಗೆಯ ಕೆಲಸಗಳನ್ನು ಆರಂಭಿಸಿ ನೋಡಿದರು. ಬೇಸಾಯ, ಮರಗೆಲಸ, ಗಡಿಯಾರದ ಕೆಲಸ ಎಂದು ಕೈಹಾಕಿದವುಗಳಲ್ಲಿ ಹಲವು ನಿಲ್ಲಲಿಲ್ಲ. ನೇಯ್ಗೆಯೂ ಅಚ್ಚಿನ ಕೆಲಸವೂ ನಿಂತವು.

ಅಚ್ಚಿನ ಕೆಲಸಕ್ಕಾಗಿಯೇ ಜಾರ್ಜ್ ಪ್ಲೆಬ್ಸ್ಟರು ೧೮೫೧ರಲ್ಲಿ ಮಂಗಳೂರಿಗೆ ಬಂದರು. ಜರ್ಮನ್ ದೇಶದವರು, ಯಂತ್ರದ ಕೆಲಸವನ್ನು ಬಲ್ಲವರು. ಅವರು ಬರುವದಕ್ಕೆ ಹತ್ತು ವರುಷಗಳ ಹಿಂದೆ, ೧೮೪೧ರಲ್ಲಿ, ಮಂಗಳೂರಿನಲ್ಲಿ ಮಿಶನ್ ಛಾಪಖಾನೆಯು ಹುಟ್ಟಿತ್ತಾದರೂ ಅದು ಕಲ್ಲಚ್ಚಿನದು. ನಯವಾದ ಕಲ್ಲಿನ ಮೇಲೆ ಅಕ್ಷರಗಳನ್ನು ಬರೆದು ಮಸಿ ಹಚ್ಚಿ ಒತ್ತುವ ವಿಧ. ಮೋಗ್ಲಿಂಗ್ ಅಯ್ಯನವರು ೧೮೪೩ರಲ್ಲಿ ಹೊರಡಿಸಿದ ಮಂಗಳೂರ ಸಮಾಚಾರವೆಂಬ ಕನ್ನಡದ ಮೊದಲನೆಯ ವೃತ್ತಪತ್ರಿಕೆಯು ಹಾಗೆಯೇ ಅಚ್ಚಾಯಿತು; ಮರುವರುಷ ಮೊಳೆಗಳ ಅಚ್ಚು ಬೇಕೆಂದು ಅದನ್ನು ಬಳ್ಳಾರಿಗೆ ಒಯ್ಯಬೇಕಾಯಿತು. ಪ್ಲೆಬ್ಸ್ಟರು ಬಂದ ಮೇಲೆ ಮಂಗಳೂರಿನಲ್ಲಿಯೇ ಸೀಸದ ಮೊಳೆಗಳಿಂದ ಅಚ್ಚುಮಾಡುವದು ನೆಲೆಗೊಂಡಿತು. ಕನ್ನಡದ ಅಕ್ಷರಕ್ಕೆ ಮೊಳೆ ಮಾಡುವದು ಎಳೆದಾಟದ ಕೆಲಸ. ಒತ್ತು, ಕೊಂಬು, ದೀರ್ಘ ಇವೆಲ್ಲಾ ಸಾಲಿನ ಮೇಲೂ ಕೆಳಗೂ ಹೊರಗೆ ಚಾಚುತ್ತವೆ. ೧೮೯೪ರಲ್ಲಿ ಕಿಟ್ಟೆಲರ ದೊಡ್ಡ ಕನ್ನಡ ಶಬ್ದಕೋಶವು ಹೊರಬಂದದ್ದು ಇದೇ ಛಾಪಖಾನೆಯಿಂದ. ಆ ಪುಸ್ತಕಕ್ಕೆ ಕಿಟ್ಟೆಲರ ಹೆಸರು ನಿಂತದ್ದು ನ್ಯಾಯವೇ. ಆದರೆ ಅಚ್ಚಿನ ಮನೆಯನ್ನು ಹದಕ್ಕೆ ತಂದವರನ್ನು ಯಾರೂ ಕೇಳುವದಿಲ್ಲ.

ಪ್ಲೆಬ್ಸ್ಟರ ಕಣ್ಣು ಛಾಪಖಾನೆಯ ಒಳಗೆ ಮಾತ್ರ ಇರಲಿಲ್ಲ. ಘಟ್ಟದ ಕೆಳಗಿನ ಮಳೆಯ ಪರಿಯನ್ನು ನಮ್ಮ ಬಯಲು ಸೀಮೆಯವರು ಊಹಿಸುವದು ಕಷ್ಟ. ವಿಜಾಪುರದ ಕಡೆಗೆ ಒಳ್ಳೇ ವರುಷದಲ್ಲಿ ಇಪ್ಪತ್ತೈದು ಅಂಗುಲ ಮಳೆ ಬಿದ್ದರೆ ನಾವು ದೇವರನ್ನು ಸ್ತುತಿಸುತ್ತೇವೆ. ಮಂಗಳೂರಿನಲ್ಲಿ ನೂರು ಅಂಗುಲಕ್ಕಿಂತ ಎಷ್ಟೋ ಹೆಚ್ಚು ಬೀಳುತ್ತದೆ. ಅಲ್ಲಿ ಮಣ್ಣಿನ ಮಾಳಿಗೆಯು ಒಂದು ವಾರವೂ ನಿಲ್ಲಲಾರದು. ಬಡವರು ಹುಲ್ಲನ್ನೋ ತೆಂಗಿನ ಗರಿಯನ್ನೋ ಹೊದಿಸುತ್ತಿದ್ದರು. ಬೇಸಿಗೆಯಲ್ಲಿ ಒಂದು ಕಿಡಿ ಬಿದ್ದರೆ ಕೇರಿಯೇ ಉರಿದುಹೋಗುತ್ತಿತ್ತು. ಅನುಕೂಲವುಳ್ಳವರು ಕುಂಬಾರನ ನಾಡಹೆಂಚನ್ನು ಹಾಕುತ್ತಿದ್ದರು. ಅದು ಅರ್ಧ ಕೊಳವೆಯ ಆಕಾರದ್ದು, ಒಂದರ ಮೇಲೊಂದು ಕವುಚಿ ಇಡತಕ್ಕದ್ದು; ಗಾಳಿಗೆ ಜಾರುವದು, ಕಾಗೆ ಕೋತಿಗಳಿಗೆ ಅಲುಗುವದು, ವರುಷ ವರುಷವೂ ಮಾಡನ್ನು ಬಿಚ್ಚಿ ಸರಿಮಾಡಬೇಕು. ಆದರೆ ನೇತ್ರಾವತಿ, ಗುರುಪುರ ಎಂಬ ಎರಡು ನದಿಗಳ ದಡದಲ್ಲಿ ಜೇಡಿಯ ಮಣ್ಣು ಹೇರಳವಾಗಿತ್ತು. ಮಣ್ಣಿನಲ್ಲಿ ಕೊರತೆಯಿರಲಿಲ್ಲ, ಮಾಡುವ ವಿಧದಲ್ಲಿಯೇ ಕೊರತೆಯೆಂದು ಪ್ಲೆಬ್ಸ್ಟರು ಕಂಡುಕೊಂಡರೆಂದು ನಮಗೆ ತೋರುತ್ತದೆ.

ಆ ಕಾಲದಲ್ಲಿ ಯೂರೋಪಿನಲ್ಲಿ ಹೆಂಚಿನ ಕೆಲಸವೇ ಬದಲಾಗುತ್ತಿತ್ತು. ಬಾಸೆಲ್ ಪಟ್ಟಣಕ್ಕೆ ಬಹು ದೂರವಲ್ಲದ ಆಲ್ಟ್‌ಕಿರ್ಕ್ ಎಂಬ ಊರಿನಲ್ಲಿ ಗಿಲಾರ್ಡೋನಿ ಎಂಬ ಅಣ್ಣತಮ್ಮಂದಿರು ೧೮೪೧ರಲ್ಲಿ ಹೊಸ ತರದ ಹೆಂಚಿಗೆ ಹಕ್ಕುಪತ್ರವನ್ನು ಪಡೆದಿದ್ದರು. ಅದು ಚಪ್ಪಟೆಯಾದದ್ದು, ಅಂಚಿನಲ್ಲಿ ಏಣೂ ಕಾಲುವೆಯೂ ಇರುತ್ತವೆ, ಒಂದು ಹೆಂಚಿನ ಏಣು ಪಕ್ಕದ ಹೆಂಚಿನ ಕಾಲುವೆಯೊಳಗೆ ಕೂತು ಕಚ್ಚಿಕೊಳ್ಳುತ್ತದೆ. ಕೆಳಗೆ ಒಂದು ಗುಬುಟು ಇರುವದರಿಂದ ಪಟ್ಟಿಗೆ ತಗಲಿ ನಿಲ್ಲುತ್ತದೆ, ಜಾರುವದಿಲ್ಲ. ಒಂದರ ಮೇಲೊಂದು ಬಹಳವಾಗಿ ಹೊದಿಸಬೇಕಾಗಿಲ್ಲದ್ದರಿಂದ ಕಡಿಮೆ ಹೆಂಚು ಸಾಕು. ಕಡಿಮೆ ಹೆಂಚಿದ್ದರೆ ಭಾರವೂ ಕಡಿಮೆ. ಭಾರ ಕಡಿಮೆಯಾದರೆ ಮರವೂ ಸಣ್ಣದಾದೀತು. ಪ್ಲೆಬ್ಸ್ಟರು ತಮ್ಮ ದೇಶಕ್ಕೆ ಹೋಗಿದ್ದಾಗ ಮಣ್ಣಿನ ಕೆಲಸವನ್ನು ಕಲಿತು ತಿರಿಗಿ ಬಂದರು. ಅಚ್ಚಿನ ಯಂತ್ರವನ್ನು ನಡಿಸಿದವರಾದ ಬೋಧಕರು ಮಣ್ಣು ಕಲಸುವದನ್ನು ಕಲಿಯಲು ನಾಚಲಿಲ್ಲ. ಇದು ನಮಗೆ ಅವರಲ್ಲಿ ಬಹಳ ಮೆಚ್ಚಿಕೆಯಾದ ಗುಣ.

೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದ ಮೇಲೆ, ಹೆಂಚಿನ ಕೆಲಸವು ಆರಂಭವಾಯಿತು. ಕಾರ್ಖಾನೆಯೆಂದು ಕರೆಯಲು ಸಂಕೋಚಪಡುವಷ್ಟು ಚಿಕ್ಕದು: ಹತ್ತು ಹನ್ನೆರಡು ಮಂದಿ ಆಳುಗಳು, ಮಣ್ಣನ್ನು ಅರೆಯುವ ಗಾಣವನ್ನು ತಿರುಗಿಸಲು ಎತ್ತುಗಳು, ದಿನಕ್ಕೆ ಕೆಲವು ನೂರು ಹೆಂಚು, ಅಷ್ಟೇ. ಮಣ್ಣನ್ನು ನದಿಯ ದಡದಿಂದ ದೋಣಿಯಲ್ಲಿ ತಂದು ರಾಶಿ ಹಾಕಿ ಹದಗೊಳಿಸುವರು. ಕಲ್ಲು ಬೇರುಗಳನ್ನು ತೆಗೆದು ಅರೆಯುವರು. ಬಿಲ್ಲೆಗಳಾಗಿ ಕತ್ತರಿಸಿ ಕಬ್ಬಿಣದ ಅಚ್ಚಿನಲ್ಲಿ ಇಟ್ಟು ಒತ್ತುವರು. ಒತ್ತಿದ ಹಸಿ ಹೆಂಚಿಗೆ ಬಿಸಿಲು ತಗಲಬಾರದು, ತಗಲಿದರೆ ಸೊಟ್ಟಗಾಗುವದು. ಆದಕಾರಣ ನೆರಳಿನ ಅಟ್ಟಗಳಲ್ಲಿ ಹಲವು ದಿನ ಆರಬೇಕು. ಬಳಿಕ ಸೌದೆಯ ಬೆಂಕಿಯ ಆವಿಗೆಯಲ್ಲಿ ಸುಡುವರು. ಬೆಂದದ್ದೋ ಇಲ್ಲವೋ ಎಂಬದಕ್ಕೆ ಪರೀಕ್ಷೆಯು ಸುಲಭ: ಬೆರಳ ಗಣ್ಣಿನಿಂದ ತಟ್ಟಿದರೆ ಗಂಟೆಯ ಹಾಗೆ ಸದ್ದು ಕೊಡುವದು ಒಳ್ಳೇದು, ಮಂಕಾದ ಸದ್ದು ಬಂದರೆ ಒಳಗೆ ಬಿರುಕಾಗಿದೆ, ಇಲ್ಲವೆ ಹಸಿ ಉಳಿದಿದೆ. ಸಂತೆಯಲ್ಲಿ ಗಡಿಗೆ ಕೊಳ್ಳುವ ನಮ್ಮ ತಾಯಂದಿರು ಇದನ್ನೇ ಮಾಡುತ್ತಾರೆ.

ಊರಿನವರು ಮೊದಲು ಇದನ್ನು ಕೊಂಡರು, ಆಮೇಲೆ ಸರಕಾರದವರು ತಮ್ಮ ಕಟ್ಟಡಗಳಿಗೆ ಇದೇ ತಕ್ಕದ್ದೆಂದು ಒಪ್ಪಿಕೊಂಡರು. ಆದರೆ ಮಂಗಳೂರಿನ ಸುತ್ತಲಿನ ಮನೆಗಳಷ್ಟರಿಂದಲೇ ನೂರಾರು ಸಂಸಾರಗಳಿಗೆ ಕೂಲಿ ಹುಟ್ಟಲಾರದು. ಹೆಂಚು ಹೊರಗೆ ಹೋಗಬೇಕಾಗಿತ್ತು. ಹೊರಗೆ ಹೋಗುವ ದಾರಿ ಯಾವದು? ಮಂಗಳೂರಿಗೆ ರೈಲುದಾರಿಯು ಬಂದದ್ದು ೧೯೦೭ರಲ್ಲಿ. ಅಂದರೆ ಪ್ಲೆಬ್ಸ್ಟರು ಕೆಲಸವನ್ನು ಆರಂಭಿಸಿ ನಾಲ್ವತ್ತು ವರುಷಗಳು ದಾಟಿದ ಮೇಲೆ. ಮೂಡಲಿಗೆ ಘಟ್ಟ, ಪಡುವಲಿಗೆ ಸಮುದ್ರ. ಲೆಕ್ಕ ಮಾಡಿ ನೋಡಿರಿ. ಒಂದು ಹೆಂಚು ಎರಡರಿಂದ ಮೂರು ಕಿಲೋ ತೂಗುತ್ತದೆ. ಒಂದು ಚದರ ಮೀಟರು ಮಾಡಿಗೆ ಸುಮಾರು ಹದಿನೈದು ಹೆಂಚು ಬೇಕು. ನೂರು ಚದರ ಮೀಟರಿನ ಮಾಡಿಗೆ ಸಾವಿರದ ಐನೂರು ಹೆಂಚಾಯಿತು. ಹೆಂಚಿಗೆ ಎರಡೂವರೆ ಕಿಲೋ ಹಿಡಿದರೂ ಮೂವತ್ತೇಳು ಕ್ವಿಂಟಲಿಗೆ ಮೇಲಾಯಿತು. ಇಷ್ಟನ್ನು ಎತ್ತಿನ ಬಂಡಿಯಲ್ಲಿ ಘಟ್ಟ ಹತ್ತಿಸಿದರೆ ಹೆಂಚಿನ ಬೆಲೆಗಿಂತ ಬಾಡಿಗೆಯೇ ಹೆಚ್ಚಾಗುವದು, ಅರ್ಧ ಒಡೆದೂ ಹೋಗುವದು. ಅದೇ ನೂರು ಟನ್ನು ಹೊರುವ ಒಂದು ಹಾಯಿಹಡಗಾದರೆ ಒಂದೇ ಸಲಕ್ಕೆ ನಾಲ್ವತ್ತು ಸಾವಿರ ಹೆಂಚನ್ನು ಒಯ್ಯಬಲ್ಲದು. ಜೆಪ್ಪುವಿನ ಕಾರ್ಖಾನೆಯು ನದಿಯ ದಡದಲ್ಲಿಯೇ ಇದ್ದದ್ದರಿಂದ ಮಣ್ಣು ಬರುವ ದಾರಿಯೂ ಹೆಂಚು ಹೋಗುವ ದಾರಿಯೂ ನೀರೇ ಆಯಿತು.

ಆದರೆ ಮಂಗಳೂರಿನ ಹಳೆಯ ಬಂದರು ಸುಲಭವಾದದ್ದಲ್ಲ. ಎರಡು ನದಿಗಳು ಕೂಡಿ ಸಮುದ್ರವನ್ನು ಸೇರುವ ಅಳಿವೆಯ ಬಾಯಲ್ಲಿ ಮರಳಿನ ದಿಣ್ಣೆಯು ಅಡ್ಡವಾಗಿ ಬೆಳೆಯುತ್ತಾ ಜರುಗುತ್ತಾ ಇರುತ್ತದೆ. ಮಂಜಿ, ಪತ್ತೆಮಾರಿ ಮೊದಲಾದ ನಾಡಹಡಗುಗಳು ಭರತದ ನೀರನ್ನು ನೋಡಿ ಅದನ್ನು ದಾಟಿ ಒಳಗೆ ಬರುತ್ತಿದ್ದವು. ಉಗಿಹಡಗುಗಳಿಗೆ ಅಷ್ಟು ಆಳ ಸಿಕ್ಕುತ್ತಿರಲಿಲ್ಲ. ಅವು ದೂರದಲ್ಲಿ ತೆರೆದ ಸಮುದ್ರದ ಮೇಲೆಯೇ ಲಂಗರು ಹಾಕಿ ನಿಲ್ಲುತ್ತಿದ್ದವು. ಹೆಂಚನ್ನು ದಡದಿಂದ ದೋಣಿಗೆ, ದೋಣಿಯಿಂದ ಹಡಗಿಗೆ, ಅಲೆಗಳ ಮೇಲೆ ಏಳುತ್ತಾ ಬೀಳುತ್ತಾ ಇರುವಾಗಲೇ ಏರಿಸಬೇಕಾಗಿತ್ತು. ಒಂದೊಂದು ಸಾರಿ ಕೈ ಬದಲಾದಾಗಲೂ ಒಡೆಯುವ ಭಯ. ಹೆಂಚನ್ನು ಚಪ್ಪಟೆಯಾಗಿ ಪೇರಿಸಿದರೆ ಮೇಲಿನ ಭಾರಕ್ಕೆ ಕೆಳಗಿನದು ಬಿರಿಯುವದು. ಆದಕಾರಣ ಪುಸ್ತಕಗಳನ್ನು ಗೂಡಿನಲ್ಲಿ ನಿಲ್ಲಿಸುವಂತೆ ಅಂಚಿನ ಮೇಲೆ ನಿಲ್ಲಿಸಿ, ಒಂದಕ್ಕೊಂದು ಒತ್ತಾಗಿ ಸೇರಿಸಿ, ಅಲುಗುವದಕ್ಕೆ ಎಡೆಯಿಲ್ಲದಂತೆ ಸಂದುಗಳನ್ನು ಹುಲ್ಲಿನಿಂದ ತುಂಬುವರು. ಸಮುದ್ರದ ಪ್ರಯಾಣದಲ್ಲಿ ಸರಕನ್ನು ಹಾಳುಮಾಡುವದು ಹೊಡೆತಕ್ಕಿಂತ ಹೆಚ್ಚಾಗಿ ಸತತವಾದ ಅಲುಗಾಟವೇ.

ಈ ಭಾರವಾದ ಸರಕಿಗೆ ಒಂದು ಅನುಕೂಲವೂ ಉಂಟು. ಹಡಗಿನ ತಳದಲ್ಲಿ ತೂಕವಿಲ್ಲದಿದ್ದರೆ ಅದು ಗಾಳಿಗೆ ವಾಲುವದು; ಬರಿದಾದ ಹಡಗಿಗೆ ಕಲ್ಲು ಮರಳನ್ನಾದರೂ ತುಂಬಲೇಬೇಕು. ತಳಕ್ಕೆ ಹೆಂಚನ್ನು ಹಾಕಿದರೆ ಕಲ್ಲಿನ ಕೆಲಸವೂ ಆಯಿತು, ಬಾಡಿಗೆಯೂ ಬಂತು. ಫ್ರಾನ್ಸಿನ ಮಾರ್ಸೇಲಿನಿಂದ ಇದೇ ತರದ ಹೆಂಚುಗಳು ೧೮೯೦ರ ದಶಕದಿಂದ ಮೊದಲನೆಯ ಮಹಾಯುದ್ಧದ ವರೆಗೆ ಆಸ್ಟ್ರೇಲಿಯದಷ್ಟು ದೂರಕ್ಕೆ ಹೋಗಿ ಮಾರಿಹೋದದ್ದರ ಗುಟ್ಟುಗಳಲ್ಲಿ ಇದೂ ಒಂದು. ಹಡಗಿನ ಬಾಡಿಗೆಯನ್ನು ಹಾಕುವ ಕ್ರಮವನ್ನೂ ಇಲ್ಲಿಯೇ ಹೇಳಿಬಿಡುವದು ಒಳ್ಳೇದು. ಸರಕಿನ ತೂಕ, ಅದು ಹಿಡಿಯುವ ಜಾಗ, ಇವೆರಡರಲ್ಲಿ ಯಾವದರಿಂದ ಹಡಗಿನವನಿಗೆ ಹೆಚ್ಚು ದೊರೆಯುವದೋ ಅದರಂತೆ ಬಾಡಿಗೆ. ಹಳೇ ಪದ್ಧತಿಯಲ್ಲಿ ನಾಲ್ವತ್ತು ಘನ ಅಡಿ ಜಾಗವನ್ನು ಒಂದು ಟನ್ನೆಂದು ಎಣಿಸುತ್ತಿದ್ದರು. ನಮ್ಮ ಸೀಮೆಯ ಹತ್ತಿಯನ್ನು ಯಂತ್ರದಲ್ಲಿ ಅಷ್ಟು ಬಿಗಿಯಾಗಿ ಒತ್ತಿ ಗಟ್ಟಿ ಕಟ್ಟುವದು ಯಾಕೆಂದು ಕೇಳುವವರಿಗೆ ಇದೇ ಉತ್ತರ: ಹತ್ತಿಯು ಜಾಗಕ್ಕೆ ಹಣ ತೆರುವದು, ಹೆಂಚು ತೂಕಕ್ಕೆ ತೆರುವದು.

ಕಾಲವೂ ಒಂದು ಒಡೆಯನೇ. ಮೇ ತಿಂಗಳ ಕೊನೆಗೆ ಪಡುವಣ ಸಮುದ್ರವು ಕೆರಳುವದು. ನಾಡಹಡಗುಗಳನ್ನು ದಡಕ್ಕೆ ಎಳೆದು ಗರಿ ಹೊದಿಸುವರು. ಶ್ರಾವಣದ ಹುಣ್ಣಿಮೆಯ ತರುವಾಯವೇ ತಿರಿಗಿ ನೀರಿಗೆ ಇಳಿಸುವರು. ಆ ಮೂರು ತಿಂಗಳು ಮಾಡಿದ ಹೆಂಚೆಲ್ಲಾ ಅಂಗಳದಲ್ಲಿ ಬಿದ್ದಿರಬೇಕು, ಕೂಲಿಯನ್ನು ಮಾತ್ರ ವಾರವಾರವೂ ಕೊಡುತ್ತಿರಬೇಕು. ಚಳಿಗಾಲದಲ್ಲಿ ಈಶಾನ್ಯದ ಗಾಳಿಯು ಹುಟ್ಟಿದಾಗ ಹಾಯಿಯನ್ನು ಬಿಚ್ಚಿದ ಹಡಗುಗಳು ಅರಬ್ಬೀ ದೇಶಕ್ಕೂ ಆಫ್ರಿಕದ ಮೂಡಣ ಕರಾವಳಿಗೂ ಹೊರಡುವವು. ಗಾಳಿಯು ತಿರುಗಿದ ಮೇಲೆ ಅದರ ಬೆನ್ನ ಮೇಲೆಯೇ ಹಿಂದಿರುಗುವವು. ಹೀಗೆ ಮಂಗಳೂರಿನ ಹೆಂಚು ಮುಂಬಯಿಗೂ, ಸಿಂಹಳಕ್ಕೂ, ಬರ್ಮಾ ದೇಶಕ್ಕೂ, ಮೂಡಣ ಆಫ್ರಿಕಕ್ಕೂ, ಕಡೆಗೆ ಆಸ್ಟ್ರೇಲಿಯಕ್ಕೂ ಹೋಯಿತು. ತನ್ನ ಊರಿನಲ್ಲಿ ಒಡೆಯನ ಅಂಗಳವನ್ನು ಮೆಟ್ಟಲು ಅಪ್ಪಣೆಯಿಲ್ಲದಿದ್ದ ಮನುಷ್ಯನು ಒತ್ತಿದ ಹೆಂಚು ತಾನು ಹೆಸರನ್ನೂ ಕೇಳದ ದೇಶದಲ್ಲಿ ದೊರೆಗಳ ತಲೆಯ ಮೇಲೆ ಕೂತಿತು. ನಮಗೆ ಇದನ್ನು ನೆನಸುವಾಗ ಸಂತೋಷವಾಗುತ್ತದೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ.

ಇದೆಲ್ಲಾ ಜಗಳವಿಲ್ಲದೆ ನಡೆಯಿತೆಂದು ತಿಳಿಯಬಾರದು. ಸುವಾರ್ತೆಯನ್ನು ಸಾರಲು ಬಂದವರು ಹೆಂಚನ್ನು ಮಾರಿ ಲಾಭದ ಲೆಕ್ಕ ಬರೆಯುವದು ತರವೋ ಎಂಬ ಪ್ರಶ್ನೆಯು ಮಿಶನ್ನಿನೊಳಗೇ ಎದ್ದಿತು. ೧೮೫೯ರಲ್ಲಿ ಬಾಸೆಲಿನಲ್ಲಿ ವ್ಯಾಪಾರದ ಮಂಡಳಿಯೊಂದನ್ನು ಪ್ರತ್ಯೇಕವಾಗಿ ಸ್ಥಾಪಿಸಿದರು. ಕೂಲಿ ಕೊಡುವವನೂ ಸಭೆಯ ಶಿಕ್ಷೆಯನ್ನು ನಡಿಸುವವನೂ ಒಂದೇ ಮಿಶನ್ನಿನವರಾದರೆ ಆಳು ಬಾಯಿ ತೆರೆಯುವದು ಹೇಗೆಂದು ಕೇಳಿದವರಿದ್ದರು. ಆ ಪ್ರಶ್ನೆಯು ಸುಳ್ಳಲ್ಲವೆಂದು ನಮಗೂ ತೋರುತ್ತದೆ. ಕೆಲಸವು ಕಠಿಣವಾದದ್ದೇ. ಮಣ್ಣನ್ನೂ ಹೆಂಚನ್ನೂ ತಲೆಯ ಮೇಲೆ ಹೊತ್ತವರಲ್ಲಿ ಹೆಂಗಸರು ಬಹಳ. ಆವಿಗೆಯ ಬಾಯಿಯ ಬಳಿ ನಿಂತವರ ಬೇಸಿಗೆಯನ್ನು ನಾವು ಹೇಳಬೇಕೇ? ಆವಿಗೆಗಳು ನುಂಗಿದ ಕಾಡಿನ ಸೌದೆಗೂ ಲೆಕ್ಕವಿಲ್ಲ. ಆದರೂ ಇನ್ನೊಂದು ಪಕ್ಕವನ್ನೂ ನೋಡಬೇಕು. ಬೇರೆ ಬೇರೆ ಕುಲಗಳಿಂದ ಬಂದವರು ಒಂದೇ ಅಟ್ಟದ ಬಳಿ ನಿಂತು ಒಬ್ಬರ ಕೈಯಿಂದ ಒಬ್ಬರು ಹಸಿ ಹೆಂಚನ್ನು ತೆಗೆದುಕೊಂಡರು. ಭಾನುವಾರ ವಿಶ್ರಾಂತಿ ಇತ್ತು. ವಾರದ ಕೊನೆಗೆ ಎಣಿಸಿ ಕೊಟ್ಟ ಹಣವು ದಾನವಾಗಿರಲಿಲ್ಲ, ದುಡಿದದ್ದಾಗಿತ್ತು.

ಪ್ಲೆಬ್ಸ್ಟರು ಆರಂಭಿಸಿದ್ದು ಅವರ ಕೈಯಲ್ಲಿಯೇ ಉಳಿಯಲಿಲ್ಲ. ೧೮೬೮ರಲ್ಲಿಯೇ ಪಾಸ್ಕಲ್ ಅಲ್ಬುಕರ್ಕ್ ಎಂಬವರು ಪಾಣೆಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಹಾಕಿದರು. ಈ ದೇಶದವರೇ ಇಂಥ ಹೆಂಚನ್ನು ಮಾಡಿದ್ದರಲ್ಲಿ ಅದು ಮೊದಲನೆಯದು. ಮಿಶನ್ನಿನವರೂ ಕಲ್ಲಿಕೋಟೆ, ಕುದ್ರೋಳಿ, ಮಲ್ಪೆ, ಕೋಡಕಲ್ ಮುಂತಾದ ಸ್ಥಳಗಳಲ್ಲಿ ಕಾರ್ಖಾನೆಗಳನ್ನು ಕಟ್ಟಿದರು. ಇವುಗಳಲ್ಲಿ ಹೆಚ್ಚಿನವು ಸಮುದ್ರಕ್ಕೋ ನದಿಗೋ ಸಮೀಪದಲ್ಲಿಯೇ ಇದ್ದವು. ಎತ್ತುಗಳು ಹೋಗಿ ಉಗಿಯಂತ್ರಗಳು ಬಂದವು. ೧೯೦೦ರ ಸುಮಾರಿಗೆ ಮಂಗಳೂರಿನಲ್ಲಿಯೂ ಸುತ್ತಲೂ ಇಪ್ಪತ್ತಕ್ಕಿಂತ ಹೆಚ್ಚು ಹೆಂಚಿನ ಕಾರ್ಖಾನೆಗಳು ಹೊಗೆಯಾಡುತ್ತಿದ್ದವು. ಒಬ್ಬನ ಯುಕ್ತಿಯನ್ನು ನೆರೆಯವನು ಕಲಿತುಕೊಂಡದ್ದರಿಂದ ಮಿಶನ್ನಿಗೆ ನಷ್ಟವಾಯಿತೆಂದು ಕೆಲವರು ಹೇಳುವದುಂಟು. ಕೂಲಿ ಸಿಕ್ಕಿದ ಸಂಸಾರಗಳು ಹಾಗೆ ಹೇಳಲಾರವು.

೧೯೧೪ರಲ್ಲಿ ಮಹಾಯುದ್ಧವು ಬಂತು. ಜರ್ಮನ್ ಬೋಧಕರನ್ನು ಸರಕಾರದವರು ಹಿಡಿದಿಟ್ಟು ಬಳಿಕ ಅವರ ದೇಶಕ್ಕೆ ಕಳುಹಿಸಿದರು. ಕಾರ್ಖಾನೆಗಳು ಸರಕಾರದ ವಶವಾಗಿ, ಯುದ್ಧವು ತೀರಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿದವು. ಐವತ್ತು ವರುಷ ಒಂದೇ ಧಣಿಯನ್ನು ಕಂಡಿದ್ದ ಕೆಲಸಗಾರರಿಗೆ ಧಣಿಯು ಬದಲಾದನು. ಆವಿಗೆಯ ಬೆಂಕಿ ಮಾತ್ರ ಆರಲಿಲ್ಲ.

ಅದನ್ನು ಕುಂದಿಸಿದ್ದು ಯುದ್ಧವಲ್ಲ, ಸಿಮೆಂಟು. ಕಾಂಕ್ರೀಟಿನ ಚಪ್ಪಟೆ ಮಾಡು ಬಂದ ಮೇಲೆ ಘಟ್ಟದ ಕೆಳಗಿನವರೂ ನಮ್ಮ ಹಾಗೆ ಮಾಳಿಗೆಯ ಮನೆ ಕಟ್ಟತೊಡಗಿದರು. ಇದನ್ನು ನೋಡಿ ಬಯಲು ಸೀಮೆಯವರು ನಕ್ಕರೆ ತಪ್ಪಲ್ಲ. ಜೇಡಿಯ ಮಣ್ಣೂ ಸೌದೆಯೂ ದುಬಾರಿಯಾದವು. ಒಂದರ ಹಿಂದೆ ಒಂದು ಕಾರ್ಖಾನೆಗಳು ಮುಚ್ಚಿದವು. ಮರಳ ದಿಣ್ಣೆಯ ಹಳೇ ಬಂದರಿಗೆ ಉತ್ತರದಲ್ಲಿ ಪಣಂಬೂರಿನಲ್ಲಿ ಹೊಸ ಬಂದರನ್ನು ಕಟ್ಟಿ, ೧೯೭೪ರಲ್ಲಿ ಅದನ್ನು ದೇಶದ ದೊಡ್ಡ ಬಂದರುಗಳಲ್ಲಿ ಒಂದೆಂದು ಸಾರಿದರು. ಈಗ ದೊಡ್ಡ ಹಡಗುಗಳೇ ದಡಕ್ಕೆ ತಾಗಿ ನಿಲ್ಲುತ್ತವೆ, ಯಂತ್ರಗಳು ಸರಕನ್ನು ಎತ್ತುತ್ತವೆ. ನಮ್ಮ ನೆರೆಯ ಇಳಕಲ್ಲಿನ ಕೆಂಪು ಕಲ್ಲು ಅನ್ಯದೇಶಗಳ ಗೋಡೆಗೂ ನೆಲಕ್ಕೂ ಸಮುದ್ರ ದಾಟಿ ಹೋಗುವ ಕಾಲವೂ ಬಂದಿದೆ.

ಪ್ಲೆಬ್ಸ್ಟರು ತೀರಿಹೋಗಿ ನೂರು ವರುಷಗಳ ಮೇಲಾಯಿತು. ಹಳೇ ಹೆಂಚನ್ನು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರೂ ಊರಿನ ಹೆಸರೂ ಮಣ್ಣಿನಲ್ಲಿ ಒತ್ತಿರುವದು ಕಾಣುತ್ತದೆ. ಮೊಳೆ ಜೋಡಿಸಿ ಅಕ್ಷರ ಒತ್ತುವದನ್ನು ಬಲ್ಲವರಾಗಿದ್ದರೂ ತಮ್ಮ ಹೆಸರನ್ನು ಅವರು ಅದರಲ್ಲಿ ಒತ್ತಿಸಲಿಲ್ಲ. ನಮ್ಮ ಸಭೆಗಳಲ್ಲಿ ಹಳೇ ದೇವಾಲಯದ ಮಾಡನ್ನು ಬಿಚ್ಚಿ ಹೊಸದಾಗಿ ಕಟ್ಟಿಸುವವರು ಇದ್ದರೆ, ಗಟ್ಟಿಯಾಗಿರುವ ಹೆಂಚುಗಳನ್ನು ತಟ್ಟಿ ನೋಡಿ ಸದ್ದು ಕೊಡುವವುಗಳನ್ನು ಬೇರೆ ಇಡಬಹುದು; ಚೆನ್ನಾಗಿ ಬೆಂದ ಹೆಂಚು ಇನ್ನೊಂದು ಮಾಡಿನ ಮೇಲೆಯೂ ಕೂರುವದು.